ಆಫೀಸ್ ಮೇಲ್‌ಗೆ ಯಾವ ಡೇಟಾ ಪ್ಲಾನ್ ಹಾಕ್ಸೋದು? ಜಿಬಿ ನೋಡೋಕ್ ಮುಂಚೆ ನೋಡ್ಬೇಕಾದ್ದು

ಮೊಬೈಲ್ ಅಂಗಡಿಗೆ ಹೋಗಿ "ಆಫೀಸ್ ಮೇಲ್ ನೋಡೋಕೆ ಒಂದ್ ಪ್ಲಾನ್ ಹಾಕಿ" ಅಂದ್ರೆ ಅವ್ರು ಕೇಳೋದು ಒಂದೇ ಪ್ರಶ್ನೆ, ದಿನಕ್ಕೆ ಒಂದೂವರೆ ಜಿಬಿನಾ ಎರಡು ಜಿಬಿನಾ ಸಾರ್ ಅಂತ. ಮೇಲ್ ವಿಷಯದಲ್ಲಿ ಅದು ಕೊನೇಲಿ ಕೇಳ್ಬೇಕಾದ ಪ್ರಶ್ನೆ. ಮೇಲ್‌ಗೆ ಡೇಟಾ ಬೇಕಾಗೋದು ಬಹಳ ಕಮ್ಮಿ, ಆದ್ರೆ ಅದು ಬೇಕಾದ ಹೊತ್ತಲ್ಲೇ ಬೇಕು, ನೀವು ಕೂತಿರೋ ಜಾಗದಲ್ಲೇ ಬೇಕು. ಸಂಜೆ ಆರು ಗಂಟೆಗೆ ಕ್ಲೈಂಟ್‌ಗೆ ಕೊಟೇಶನ್ ಕಳಿಸ್ಬೇಕಾದಾಗ ನೆಟ್ ಸ್ಲೋ ಆಗಿ ಕೂತಿದ್ರೆ ಆ ತಿಂಗಳು 40 ಜಿಬಿ ಮಿಕ್ಕಿದೆ ಅನ್ನೋದ್ರಿಂದ ಏನ್ ಪ್ರಯೋಜನ.

ಹಾಗಾಗಿ ನಾನು ಹೇಳೋ ಕ್ರಮ ಉಲ್ಟಾ: ಮೊದ್ಲು ಸಿಗ್ನಲ್, ಆಮೇಲೆ ಕೋಟಾ ಮುಗಿದಾಗ ಏನಾಗತ್ತೆ ಅನ್ನೋದು, ಆಮೇಲೆ ವ್ಯಾಲಿಡಿಟಿ, ದುಡ್ಡು ಮತ್ತೆ ಜಿಬಿ ಕೊನೇಗೆ. ಆದ್ರೂ ಮೇಲ್ ಎಷ್ಟು ಡೇಟಾ ತಿನ್ನತ್ತೆ ಅಂತ ಗೊತ್ತಿಲ್ದೆ ಈ ಮಾತು ಯಾರೂ ನಂಬಲ್ಲ, ಅದಕ್ಕೆ ಲೆಕ್ಕದಿಂದ್ಲೇ ಶುರು ಮಾಡ್ತೀನಿ.

ಸ್ಟೆಪ್ 1: ನಿಮ್ಮ ಮೇಲ್ ನಿಜವಾಗ್ಲೂ ಎಷ್ಟು ತಿನ್ನತ್ತೆ

ಬರೀ ಅಕ್ಷರ ಇರೋ ಮೇಲ್ ಕೆಲವು ಕೆಬಿ ಅಷ್ಟೆ. ಕೆಳಗೆ ಲೋಗೋ, ಸಿಗ್ನೇಚರ್, ಹಳೇ ರಿಪ್ಲೈಗಳ ಬಾಲ ಎಲ್ಲಾ ಸೇರಿಸಿ ಒಂದಕ್ಕೆ 75 ಕೆಬಿ ಅಂತ ಧಾರಾಳವಾಗೇ ಇಟ್ಕೊಳ್ಳಿ. ದಿನಕ್ಕೆ 60 ಮೇಲ್ ಬಂದ್ರೆ ನಾಲ್ಕೂವರೆ ಎಂಬಿ. ಇದ್ರ ಜೊತೆ ಒಂದೂವರೆ ಎಂಬಿಯ ಹತ್ತು ಪಿಡಿಎಫ್ ತೆಗೆದು ನೋಡಿದ್ರಿ ಅನ್ನಿ, 15 ಎಂಬಿ ಆಯ್ತು, ಆದ್ರೆ ಅಟ್ಯಾಚ್‌ಮೆಂಟ್‌ಗಳು ಮೇಲ್‌ನಲ್ಲಿ ಹೋಗುವಾಗ ಅಕ್ಷರ ರೂಪಕ್ಕೆ ಬದಲಾಗಿ ಹೋಗತ್ವೆ (ಬೇಸ್64 ಅಂತಾರೆ), ಅದ್ರಿಂದ ಸೈಜ್ ಮೂರರಲ್ಲಿ ಒಂದು ಭಾಗ ಜಾಸ್ತಿ ಆಗತ್ತೆ, ಅಂದ್ರೆ 20 ಎಂಬಿ ಆಗಬಹುದು. ಒಟ್ಟು ದಿನಕ್ಕೆ 25 ಎಂಬಿ. ತಿಂಗಳಿಗೆ 26 ಕೆಲ್ಸದ ದಿನ ಅಂದ್ರೆ 650 ಎಂಬಿ. ಇಡೀ ತಿಂಗಳ ಆಫೀಸ್ ಮೇಲ್ ಒಂದು ಜಿಬಿ ಮುಟ್ಟಲ್ಲ!

ಹಾಗಾದ್ರೆ ದಿನಕ್ಕೆ ಒಂದೂವರೆ ಜಿಬಿ ಎಲ್ಲಿಗೆ ಹೋಗತ್ತೆ? ಎಲ್ರಿಗೂ ಗೊತ್ತಿರೋದೇ, ರೀಲ್ಸ್, ಯೂಟ್ಯೂಬ್, ಫ್ಯಾಮಿಲಿ ಗ್ರೂಪ್‌ನಲ್ಲಿ ಬರೋ ಗುಡ್ ಮಾರ್ನಿಂಗ್ ವಿಡಿಯೋ. ಆಫೀಸ್ ಕಡೆಯಿಂದ ನಿಜವಾಗಿ ತಿನ್ನೋದು ಮೀಟಿಂಗ್. ಝೂಮ್‌ನವ್ರೇ ಕೊಟ್ಟಿರೋ ಲೆಕ್ಕದ ಪ್ರಕಾರ ಒಳ್ಳೆ ಕ್ವಾಲಿಟಿ ಗ್ರೂಪ್ ವಿಡಿಯೋಗೆ ಹೋಗೋ ಕಡೆ 1 ಎಂಬಿಪಿಎಸ್, ಬರೋ ಕಡೆ 600 ಕೆಬಿಪಿಎಸ್ ಬೇಕು (ಇದು ಸೆಕೆಂಡಿಗೆ ಎಷ್ಟು ಬಿಟ್ ಅನ್ನೋ ವೇಗ, ಎಂಟು ಬಿಟ್ ಸೇರಿ ಒಂದು ಬೈಟ್). ಎರಡೂ ಕೂಡಿಸಿ ಗಂಟೆಗೆ ಹಾಕಿದ್ರೆ ಸುಮಾರು 720 ಎಂಬಿ. ಅಪ್‌ಲೋಡ್ ಕೂಡ ನಿಮ್ಮ ಕೋಟಾದಲ್ಲೇ ಕಟ್ ಆಗತ್ತೆ ಅನ್ನೋದು ಸುಮಾರು ಜನಕ್ಕೆ ಹೊಳೆಯಲ್ಲ. ಕ್ಯಾಮೆರಾ ಆಫ್ ಮಾಡಿ ಬರೀ ಮಾತಾಡಿದ್ರೆ 60ರಿಂದ 80 ಕೆಬಿಪಿಎಸ್ ಸಾಕು, ಗಂಟೆಗೆ ಎರಡೂ ಕಡೆ ಸೇರಿ 70 ಎಂಬಿ ಆಸುಪಾಸು. ಅಂದ್ರೆ ಒಂದು ಗಂಟೆ ಮುಖ ತೋರಿಸೋ ಡೇಟಾದಲ್ಲಿ ಒಂದು ತಿಂಗಳ ಮೇಲ್ ಓದಬಹುದು.

ಈ ಸ್ಟೆಪ್‌ನಲ್ಲಿ ನೀವ್ ಮಾಡ್ಬೇಕಾದ ಕೆಲ್ಸ: ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ನೆಟ್‌ವರ್ಕ್, ಅಲ್ಲಿ ಡೇಟಾ ಯೂಸೇಜ್ ತೆಗೀರಿ, ಯಾವ ಆ್ಯಪ್ ಎಷ್ಟು ತಿಂದಿದೆ ಅಂತ ಸಾಲಾಗಿ ತೋರ್ಸತ್ತೆ. ಔಟ್‌ಲುಕ್ ಅಥ್ವಾ ಜಿಮೇಲ್ ಮುಂದೆ ಇರೋ ಸಂಖ್ಯೆ, ಟೀಮ್ಸ್/ಝೂಮ್/ಮೀಟ್ ಮುಂದೆ ಇರೋ ಸಂಖ್ಯೆ, ಎರಡನ್ನೂ ಬರ್ಕೊಳ್ಳಿ. ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ನ ಮೊಬೈಲ್ ಡೇಟಾ ಒಳಗೆ ಇದೆ, ಆದ್ರೆ ಅಲ್ಲಿ "ಕರೆಂಟ್ ಪೀರಿಯಡ್" ಅಂತ ತೋರಿಸೋದು ನೀವು ಕೊನೇ ಸಲ ರೀಸೆಟ್ ಮಾಡಿದಾಗಿಂದ ಲೆಕ್ಕ, ಎಷ್ಟೋ ಜನರ ಫೋನಲ್ಲಿ ಅದು ಫೋನ್ ತಗೊಂಡ ದಿನದಿಂದ ಹಾಗೇ ಓಡ್ತಾ ಇರತ್ತೆ, ಸೋ ಮೊದ್ಲು ರೀಸೆಟ್ ಮಾಡಿ ಒಂದು ವಾರ ಬಿಡಿ.

ಸ್ಟೆಪ್ 2: ಐಟಿಯವ್ರ ಹತ್ರ ಮೂರ್ ಪ್ರಶ್ನೆ

ಒಂದು, ನಮ್ಮ ಮೇಲ್ ಯಾವುದ್ರಲ್ಲಿ ಓಡ್ತಿದೆ? ಮೈಕ್ರೋಸಾಫ್ಟ್ 365 ಅಥ್ವಾ ಗೂಗಲ್ ವರ್ಕ್‌ಸ್ಪೇಸ್ ಆದ್ರೆ ಅವರದ್ದೇ ಆ್ಯಪ್ ಹಾಕ್ಕೊಳ್ಳಿ, ಮೇಲ್ ಬಂದ ತಕ್ಷಣ ತಾನಾಗೇ ತಳ್ಳತ್ತೆ. ಚಿಕ್ಕ ಕಂಪನಿಗಳಲ್ಲಿ ಡೊಮೈನ್ ಜೊತೆ ಫ್ರೀಯಾಗಿ ಬಂದ ಹೋಸ್ಟಿಂಗ್ ಮೇಲ್ ಇರತ್ತಲ್ಲ, ಅಲ್ಲಿ ಐಮ್ಯಾಪ್ (ಮೇಲ್ ಸರ್ವರ್‌ನಲ್ಲೇ ಉಳಿದು ಎಲ್ಲಾ ಕಡೆ ಒಂದೇ ಥರ ಕಾಣೋ ಪದ್ಧತಿ) ಅಂತ ಸೆಟಪ್ ಮಾಡಿ, ಪಾಪ್ (ಮೇಲ್‌ನ ಒಂದು ಸಾಧನಕ್ಕೆ ಇಳಿಸ್ಕೊಳ್ಳೋ ಹಳೇ ಪದ್ಧತಿ) ಬೇಡ್ವೇ ಬೇಡ, ಫೋನು ಕಂಪ್ಯೂಟರ್ ಎರಡ್ರಲ್ಲೂ ನೋಡೋರಿಗೆ ಪಾಪ್ ತಲೆನೋವು. ಕೆಲವು ಮೇಲ್ ಆ್ಯಪ್‌ಗಳು 15 ನಿಮಿಷಕ್ಕೊಂದ್ಸಲ ಹೋಗಿ ಕೇಳ್ಕೊಂಡ್ ಬರತ್ವೆ, ಆಗ ಮೇಲ್ ಲೇಟಾಗಿ ಬಂದ್ರೆ ನೆಟ್‌ವರ್ಕ್ ಬೈಯೋದ್ರಲ್ಲಿ ಅರ್ಥ ಇಲ್ಲ. ಹಳೇ ಫೋನಲ್ಲಿರೋ ಹಳೇ ಮೇಲ್ ಆ್ಯಪ್‌ನಲ್ಲಿ ಬರೀ ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಸೆಟಪ್ ಮಾಡಕ್ ಹೋದ್ರೆ ಮೈಕ್ರೋಸಾಫ್ಟ್ ಮೇಲ್ ಓಪನ್ನೇ ಆಗಲ್ಲ, ಆ ಥರದ ಲಾಗಿನ್ ಅವ್ರು 2022ರ ಅಕ್ಟೋಬರ್‌ನಿಂದ ನಿಲ್ಲಿಸ್ತಾ ಬಂದ್ರು.

ಎರಡು, ವಿಪಿಎನ್ (ಹೊರಗಿಂದ ಆಫೀಸ್ ನೆಟ್‌ವರ್ಕ್‌ಗೆ ಸುರಕ್ಷಿತವಾಗಿ ಸೇರಿಸೋ ಸಾಫ್ಟ್‌ವೇರ್) ಬೇಕಾ? ಬೇಕು ಅಂದ್ರೆ ಹುಷಾರು. ಜಿಯೋ ನೆಟ್‌ವರ್ಕ್ ಹೆಚ್ಚಾಗಿ ಐಪಿವಿ6 (ಇಂಟರ್ನೆಟ್ ವಿಳಾಸದ ಹೊಸ ಪದ್ಧತಿ) ಮೇಲೆ ಓಡತ್ತೆ, ಕೆಲವು ಹಳೇ ವಿಪಿಎನ್ ಸಾಫ್ಟ್‌ವೇರ್‌ಗಳು ಅಲ್ಲಿ ಸರಿಯಾಗಿ ಕೂರಲ್ಲ, ಕನೆಕ್ಟ್ ಆದ ಹಾಗೆ ತೋರ್ಸಿ ಏನೂ ತೆಗೆಯಲ್ಲ. ಅದೇ ಆಫೀಸ್‌ನಲ್ಲಿ ಆ ಸಿಮ್ ಇಟ್ಕೊಂಡಿರೋ ಯಾರಾದ್ರೂ ಇದ್ರೆ ಅವ್ರ ಹಾಟ್‌ಸ್ಪಾಟ್ ತಗೊಂಡು ಐದು ನಿಮಿಷ ಟೆಸ್ಟ್ ಮಾಡ್ಬಿಡಿ.

ಮೂರು, ಲಾಗಿನ್‌ಗೆ ಓಟಿಪಿ ಎಸ್ಸೆಮ್ಮೆಸ್‌ನಲ್ಲಿ ಬರತ್ತಾ, ಆ್ಯಪ್‌ನಲ್ಲಾ? ಇದು ಡೇಟಾ ಪ್ಲಾನ್‌ಗೆ ಏನ್ ಸಂಬಂಧ ಅನ್ನಿಸಬಹುದು, ಸಂಬಂಧ ಇದೆ. ಎಸ್ಸೆಮ್ಮೆಸ್ ಆದ್ರೆ ಆ ನಂಬರ್‌ನ ವ್ಯಾಲಿಡಿಟಿ ಯಾವತ್ತೂ ಮುಗೀಬಾರ್ದು. ಆಥೆಂಟಿಕೇಟರ್ ಆ್ಯಪ್ ಆದ್ರೆ ಅದ್ರಲ್ಲಿ ಓಡ್ತಾ ಇರೋ ಆರಂಕಿ ಕೋಡ್ ನೆಟ್ ಇಲ್ದೇನೂ ಸಿಗತ್ತೆ, ಆದ್ರೆ "ಈ ನಂಬರ್ ಒತ್ತಿ ಅಪ್ರೂವ್ ಮಾಡಿ" ಅನ್ನೋ ನೋಟಿಫಿಕೇಶನ್ ಬರೋಕೆ ನೆಟ್ ಬೇಕೇ ಬೇಕು.

ಸ್ಟೆಪ್ 3: ಸಿಗ್ನಲ್, ಇದೇ ಮುಖ್ಯ, ಇಲ್ಲೇ ಜಾಸ್ತಿ ಹೊತ್ತು ಕಳೀರಿ

"ನಮ್ಮೂರಲ್ಲಿ ಏರ್‌ಟೆಲ್ ಚೆನ್ನಾಗಿದೆ", "ಜಿಯೋನೇ ಬೆಸ್ಟು" ಅನ್ನೋ ಮಾತಿಗೆ ಅರ್ಥ ಇಲ್ಲ. ನೀವು ಕೂತು ಕೆಲ್ಸ ಮಾಡೋ ಮೂರು ನಾಲ್ಕು ಜಾಗ ಇರತ್ತೆ, ಮನೆಯ ಆ ಒಂದು ರೂಮು, ಆಫೀಸಿನ ನಿಮ್ಮ ಸೀಟು, ದಿನಾ ಓಡಾಡೋ ದಾರಿ, ವಾರಕ್ಕೊಂದ್ಸಲ ಹೋಗೋ ಊರು. ಆ ಜಾಗಗಳಲ್ಲಿ ಯಾವುದು ಸಿಗತ್ತೆ ಅನ್ನೋದಷ್ಟೇ ಪ್ರಶ್ನೆ. ಹಾಸನ ಟೌನಲ್ಲಿ ಜಿಯೋ, ಏರ್‌ಟೆಲ್, ವಿಐ (ವೊಡಾಫೋನ್ ಐಡಿಯಾ) ಮೂರೂ ಸಿಗಬಹುದು, ಅಲ್ಲಿಂದ ಸಕಲೇಶಪುರ ದಾಟಿ ಶಿರಾಡಿ ಘಾಟ್ ಇಳಿಯೋಕೆ ಶುರು ಮಾಡಿದ್ರೆ ಕಥೆನೇ ಬೇರೆ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಕೊಡಗು ಕಡೆ ಒಳಗಿನ ಹಳ್ಳಿಗಳಲ್ಲಿ ಬಿಎಸ್‌ಎನ್‌ಎಲ್ ಬಿಟ್ರೆ ಬೇರೆ ಟವರೇ ಇಲ್ದಿರೋ ಜಾಗ ಇನ್ನೂ ಇದಾವೆ. 2020ರಲ್ಲಿ ಲಾಕ್‌ಡೌನ್ ಅಂತ ಊರಿಗೆ ಬಂದ ಐಟಿಯವ್ರು, ಆನ್‌ಲೈನ್ ಕ್ಲಾಸಿನ ಮಕ್ಕಳು ಗುಡ್ಡ ಹತ್ತಿ ಕೂತಿದ್ದು ಮಲೆನಾಡಿನೋರು ಯಾರೂ ಮರ್ತಿಲ್ಲ.

ಪರೀಕ್ಷೆ ಮಾಡೋದು ಹೇಗೆ? ಕಡ್ಡಿ ನೋಡಿ ನಂಬ್ಬೇಡಿ, ಒಂದೊಂದು ಫೋನು ಒಂದೊಂದು ಥರ ಕಡ್ಡಿ ತೋರ್ಸತ್ತೆ. ಆಂಡ್ರಾಯ್ಡ್‌ನಲ್ಲಿ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ಅಂತ ಇರತ್ತೆ, ಅಲ್ಲಿ ಸಿಗ್ನಲ್ ಸ್ಟ್ರೆಂತ್ ಡಿಬಿಎಂ ಲೆಕ್ಕದಲ್ಲಿ ಬರತ್ತೆ, ಮೈನಸ್ ಸಂಖ್ಯೆ. 4ಜಿಯಲ್ಲಿ ಮೈನಸ್ 85, 90 ಇದ್ರೆ ಆರಾಮು. ಮೈನಸ್ 100 ಆಚೀಚೆ ನಡೆಯತ್ತೆ. ಮೈನಸ್ 110 ದಾಟಿದ್ರೆ ಮೇಲ್ ಬರತ್ತೆ ಆದ್ರೆ ಅಟ್ಯಾಚ್‌ಮೆಂಟ್ ತಿರುಗ್ತಾ ಇರತ್ತೆ, 120 ಹತ್ರ ಹೋದ್ರೆ ಮರ್ತುಬಿಡಿ. ಕೆಲವು ಫೋನಲ್ಲಿ ಆ ಮೆನು ಅಡಗಿಸಿರ್ತಾರೆ, ಆಗ ಡಯಲರ್‌ನಲ್ಲಿ *#*#4636#*#* ಹೊಡೆದು ನೋಡಿ. ಐಫೋನ್‌ಗೆ *3001#12345#* ಹೊಡೆದು ಕಾಲ್ ಬಟನ್ ಒತ್ತಬೇಕು.

ಮನೆಯಲ್ಲಿ ಗೋಡೆ ದಪ್ಪ ಇದ್ರೆ, ಹಳೇ ಕಾಲದ ಮಣ್ಣಿನ ಗೋಡೆ, ಜಂಬಿಟ್ಟಿಗೆ, ಮೇಲೆ ತಗಡಿನ ಶೀಟು, ಹೊರಗೆ ಅಂಗಳದಲ್ಲಿ ಇರೋ ಸಿಗ್ನಲ್ ಒಳಗೆ ಅರ್ಧಕ್ಕರ್ಧ ಸತ್ತಿರತ್ತೆ. ಕಡಿಮೆ ಬ್ಯಾಂಡ್‌ಗಳು (ಸಿಗ್ನಲ್ ಬರೋ ರೇಡಿಯೋ ಫ್ರೀಕ್ವೆನ್ಸಿಗಳು), ಅಂದ್ರೆ 700, 850, 900 ಮೆಗಾಹರ್ಟ್ಜ್‌ನವು, ಗೋಡೆ ದಾಟಿ ಬರೋದ್ರಲ್ಲಿ ಗಟ್ಟಿ, 2300, 3500ರವು ವೇಗ ಜಾಸ್ತಿ ಕೊಡತ್ವೆ ಆದ್ರೆ ಒಳಗೆ ಬರೋಕೆ ಒದ್ದಾಡತ್ವೆ. ಮೇಲ್‌ಗೆ ವೇಗ ಬೇಡ, ಹಿಡಿತ ಬೇಕು. ಅದಕ್ಕೆ ಸ್ಪೀಡ್ ಟೆಸ್ಟ್‌ನಲ್ಲಿ 200 ಎಂಬಿಪಿಎಸ್ ಬಂತು ಅಂತ ಮರುಳಾಗ್ಬೇಡಿ, ಅದೇ ಟೆಸ್ಟ್ ಅಡುಗೆಮನೆ ಪಕ್ಕದ ರೂಮಲ್ಲಿ ಕೂತು ಮಾಡಿ, ಬೆಳಗ್ಗೆ ಹತ್ತು ಗಂಟೆಗೊಂದ್ಸಲ, ರಾತ್ರಿ ಒಂಬತ್ತಕ್ಕೊಂದ್ಸಲ. ರಾತ್ರಿ ಊರೆಲ್ಲಾ ಮೊಬೈಲ್ ಹಿಡ್ಕೊಂಡಿರತ್ತೆ, ಅಸಲಿ ಪರೀಕ್ಷೆ ಆಗಲೇ. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನವ್ರದ್ದೇ ಮೈಸ್ಪೀಡ್ ಅಂತ ಆ್ಯಪ್ ಇದೆ, ಅದನ್ನೂ ಬಳಸಬಹುದು. ನಿಮ್ಮ ಸುತ್ತ ಯಾರ ಟವರ್ ಎಲ್ಲಿದೆ ಅಂತ ನೋಡೋಕೆ ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್ ಇದೆ. ಕಂಪನಿಗಳ ವೆಬ್‌ಸೈಟ್‌ನಲ್ಲೂ ಕವರೇಜ್ ಮ್ಯಾಪ್ ಸಿಗತ್ತೆ, ಆದ್ರೆ ಮ್ಯಾಪಿನ ಬಣ್ಣಕ್ಕಿಂತ ಪಕ್ಕದ ಮನೆಯವ್ರ ಫೋನೇ ಒಳ್ಳೆ ಸಾಕ್ಷಿ.

5ಜಿ ಬಗ್ಗೆ ಎರಡು ಮಾತು. 2024ರ ಜುಲೈ ರೇಟ್ ಏರಿಕೆ ಆದ್ಮೇಲೆ ಜಿಯೋ ಏರ್‌ಟೆಲ್ ಇಬ್ರೂ ಅನ್‌ಲಿಮಿಟೆಡ್ 5ಜಿನ ಸಾಮಾನ್ಯವಾಗಿ ದಿನಕ್ಕೆ 2 ಜಿಬಿ ಅಥ್ವಾ ಅದಕ್ಕಿಂತ ಜಾಸ್ತಿ ಇರೋ ಪ್ಲಾನ್‌ಗಳಿಗೆ ಸೀಮಿತ ಮಾಡಿದ್ರು. ಫೋನು 5ಜಿ ಇರ್ಬೇಕು, ನೀವು 5ಜಿ ಇರೋ ಜಾಗದಲ್ಲಿರ್ಬೇಕು, ಆಗ ಮಾತ್ರ ಕೋಟಾ ಕಟ್ ಆಗಲ್ಲ. ಸಿಗ್ನಲ್ 4ಜಿಗೆ ಬಿದ್ದ ಕೂಡ್ಲೇ ಮೀಟರ್ ಓಡೋಕೆ ಶುರು. ಮನೆ, ಆಫೀಸ್ ಎರಡೂ ಕಡೆ 5ಜಿ ಗಟ್ಟಿಯಾಗಿ ಇದ್ರೆ ಒಳ್ಳೇದೇ, ಮೇಲ್‌ಗೋಸ್ಕರ ಅಂತ್ಲೇ ಜಾಸ್ತಿ ದುಡ್ಡು ಕೊಡ್ಬೇಡಿ.

ಬಿಎಸ್‌ಎನ್‌ಎಲ್ 2025ರ ಸೆಪ್ಟೆಂಬರ್‌ನಲ್ಲಿ ಸ್ವದೇಶಿ 4ಜಿನ ದೇಶಾದ್ಯಂತ ಅಧಿಕೃತವಾಗಿ ಶುರು ಮಾಡ್ತು, ಅದ್ರ ರೇಡಿಯೋ ಉಪಕರಣ ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ದು. ರೇಟು ಕಮ್ಮಿ, ಬೇರೆ ಯಾವ್ದೂ ಇಲ್ದಿರೋ ಕಡೆ ಇದೇ ಗತಿ. ಆದ್ರೆ ನಿಮ್ಮೂರಿನ ಟವರ್ 4ಜಿಗೆ ಬಂದಿದ್ಯಾ ಅಂತ ನೋಡ್ಕೊಳ್ಳಿ, ಬಂದಿಲ್ದಿದ್ರೆ ಬರೀ ಅಕ್ಷರದ ಮೇಲ್ ಅಷ್ಟೇ ನಿರೀಕ್ಷೆ ಇಟ್ಕೊಳ್ಳಿ. ಮತ್ತೆ ನಿಮ್ಮ ಸಿಮ್ ಹಳೇದಾದ್ರೆ ಅದನ್ನೂ 4ಜಿ ಸಿಮ್‌ಗೆ ಬದಲಾಯಿಸ್ಕೋಬೇಕು.

ಸ್ಟೆಪ್ 4: ಕೋಟಾ ಮುಗಿದ್ಮೇಲೆ ಏನು?

ಪ್ಲಾನ್ ಕಾರ್ಡಲ್ಲಿ ದೊಡ್ಡಕ್ಷರದಲ್ಲಿ ಜಿಬಿ ಬರ್ದಿರ್ತಾರೆ, ಕೆಳಗೆ ಸಣ್ಣಕ್ಷರದಲ್ಲಿ "ಆಮೇಲೆ 64 ಕೆಬಿಪಿಎಸ್" ಅಂತಿರತ್ತೆ. ಆಫೀಸ್ ಮೇಲ್‌ನವ್ರು ಓದ್ಬೇಕಾದ್ದು ಆ ಸಣ್ಣಕ್ಷರ. 64 ಕೆಬಿಪಿಎಸ್ ಅಂದ್ರೆ ಸೆಕೆಂಡಿಗೆ 8 ಕೆಬಿ. ಅಕ್ಷರದ ಮೇಲ್ ಬರತ್ತೆ, ರಿಪ್ಲೈ ಹೋಗತ್ತೆ, ತೊಂದ್ರೆ ಇಲ್ಲ. ಆದ್ರೆ 5 ಎಂಬಿ ಪಿಡಿಎಫ್ ಕಳಿಸಕ್ ಹೋದ್ರೆ ಲೆಕ್ಕದ ಪ್ರಕಾರನೇ ಹತ್ತು ನಿಮಿಷದ ಮೇಲೆ, ಬೇಸ್64 ಊತ ಸೇರಿದ್ರೆ ಹದಿನಾಲ್ಕು ನಿಮಿಷ, ಅದೂ ಬೇರೆ ಯಾವ ಆ್ಯಪೂ ಹಿಂದೆ ನೆಟ್ ಎಳೀತಿಲ್ಲ ಅಂದ್ರೆ, ನಿಜದಲ್ಲಿ ಅರ್ಧಕ್ಕೇ ಕಟ್ ಆಗಿ ಔಟ್‌ಬಾಕ್ಸ್‌ನಲ್ಲಿ ಕೂತಿರತ್ತೆ. ಬಿಎಸ್‌ಎನ್‌ಎಲ್‌ನ ಬಹಳಷ್ಟು ಪ್ಲಾನ್‌ಗಳಲ್ಲಿ ಈ ಕೊನೇ ವೇಗ 40 ಕೆಬಿಪಿಎಸ್, ಇನ್ನೂ ನಿಧಾನ.

ದಿನದ ಕೋಟಾ ಮಧ್ಯರಾತ್ರಿಗೆ ಹೊಸದಾಗತ್ತೆ. ಮಧ್ಯಾಹ್ನ ಬಸ್ಸಲ್ಲಿ ಕ್ರಿಕೆಟ್ ನೋಡಿ ಖಾಲಿ ಮಾಡ್ಕೊಂಡ್ರೆ ಸಂಜೆ ಕೆಲ್ಸದ ಹೊತ್ತಿಗೆ ನೀವು 64ರಲ್ಲಿ ಇರ್ತೀರ. ಅದಕ್ಕೆ ನನ್ನ ಅಭಿಪ್ರಾಯ ಏನಪ್ಪಾ ಅಂದ್ರೆ, ಮೇಲ್ ಮುಖ್ಯ ಇರೋರಿಗೆ ದಿನದ ಕೋಟಾಗಿಂತ ಒಟ್ಟು ಕೋಟಾ ಒಳ್ಳೇದು. ಒಟ್ಟು ಕೋಟಾ ಅಂದ್ರೆ ಇಡೀ ವ್ಯಾಲಿಡಿಟಿಗೆ ಇಷ್ಟು ಜಿಬಿ ಅಂತ, ಒಂದಿನ 3 ಜಿಬಿ ಬಳಸಿ ಇನ್ನೊಂದಿನ ಏನೂ ಬಳಸ್ದೆ ಇರಬಹುದು. ಪೋಸ್ಟ್‌ಪೇಡ್ ಪ್ಲಾನ್‌ಗಳು ಹೆಚ್ಚಾಗಿ ಹೀಗೇ ಇರತ್ವೆ. ಪ್ರೀಪೇಡ್‌ನಲ್ಲೂ ಇದೆ, 2024ರ ಏರಿಕೆ ಹೊತ್ತಲ್ಲಿ ಏರ್‌ಟೆಲ್, ವಿಐ ಇಬ್ರದ್ದೂ 199ಕ್ಕೆ 28 ದಿನ, ಒಟ್ಟು 2 ಜಿಬಿ, ಕಾಲ್ ಅನ್‌ಲಿಮಿಟೆಡ್ ಅಂತ ಒಂದು ಪ್ಲಾನ್ ಇತ್ತು. ಮನೇಲೂ ವೈಫೈ, ಆಫೀಸಲ್ಲೂ ವೈಫೈ, ನಡುವೆ ಓಡಾಡೋವಾಗ ಮಾತ್ರ ಮೇಲ್ ನೋಡ್ಬೇಕು ಅನ್ನೋರಿಗೆ ಈ ಥರದ್ದು ಧಾರಾಳ ಸಾಕು. ಹೊರಗಡೆ ರೀಲ್ಸ್ ನೋಡೋ ಅಭ್ಯಾಸ ಇದ್ರೆ ಮಾತ್ರ ಈ ಕಡೆ ತಲೆ ಹಾಕ್ಬೇಡಿ, ಮೂರನೇ ದಿನಕ್ಕೆ ಮುಗ್ದಿರತ್ತೆ, ಮತ್ತೆ ಇಂಥ ಪ್ಲಾನಲ್ಲಿ ಮುಗಿದ್ಮೇಲೆ 64ರ ಕೃಪೆಯೂ ಇಲ್ದೆ ನೆಟ್ಟೇ ನಿಂತ್ಹೋಗಬಹುದು.

ಡೇಟಾ ಬೂಸ್ಟರ್ ಹಾಕಿಸ್ಕೊಂಡ್ರಾಯ್ತು ಅನ್ನೋರು ಅದ್ರ ವ್ಯಾಲಿಡಿಟಿ ನೋಡಿ. ಕೆಲವು ಮೇನ್ ಪ್ಲಾನ್ ಇರೋವರೆಗೂ ಇರತ್ವೆ, ಕೆಲವು ಒಂದೇ ದಿನ, ಕೆಲವು ಒಂದೇ ಗಂಟೆ. ಅಗ್ಗ ಇದ್ದಷ್ಟೂ ಆಯಸ್ಸು ಕಮ್ಮಿ. ಮೇನ್ ಪ್ಲಾನ್ ಇಲ್ದೆ ಬೂಸ್ಟರ್ ಒಂದೇ ಹಾಕಿದ್ರೆ ಸಾಮಾನ್ಯವಾಗಿ ಕೆಲ್ಸ ಮಾಡಲ್ಲ.

ಸ್ಟೆಪ್ 5: ವ್ಯಾಲಿಡಿಟಿ, 28ರ ಆಟ

28 ದಿನದ ಪ್ಲಾನ್ ವರ್ಷಕ್ಕೆ 13 ಸಲ ಹಾಕಿಸ್ಬೇಕು, 12 ಅಲ್ಲ. 2024ರ ಜುಲೈ ಏರಿಕೆಯಲ್ಲಿ ಜಿಯೋದ ದಿನಕ್ಕೆ 2 ಜಿಬಿ, ಏರ್‌ಟೆಲ್‌ನ ದಿನಕ್ಕೆ ಒಂದೂವರೆ ಜಿಬಿ, ಎರಡೂ 28 ದಿನಕ್ಕೆ 349 ಆಗಿದ್ವು. ಅದನ್ನ ಹದಿಮೂರು ಸಲ ಅಂದ್ರೆ 4537. ರೇಟುಗಳು ಬದಲಾಗ್ತಾನೇ ಇರತ್ವೆ, ನೀವು ನೋಡೋ ಹೊತ್ತಿಗೆ ಎಷ್ಟಿದೆಯೋ ಅದನ್ನ ವ್ಯಾಲಿಡಿಟಿ ದಿನದಿಂದ ಭಾಗಿಸಿ 365ರಿಂದ ಗುಣಿಸಿ, ಆಗ ಮಾತ್ರ 28, 56, 84, 365 ದಿನದ ಪ್ಲಾನ್‌ಗಳನ್ನ ಪಕ್ಕಪಕ್ಕ ಇಟ್ಟು ನೋಡೋಕಾಗೋದು. 2022ರಲ್ಲಿ ಟ್ರಾಯ್ ಎಲ್ಲಾ ಕಂಪನಿಗೂ ಕನಿಷ್ಠ ಒಂದು 30 ದಿನದ ಪ್ಲಾನ್, ಮತ್ತೆ ಪ್ರತಿ ತಿಂಗಳು ಅದೇ ತಾರೀಕಿಗೆ ರಿನ್ಯೂ ಆಗೋ ಒಂದು ಪ್ಲಾನ್ ಇಡಲೇಬೇಕು ಅಂತ ಹೇಳ್ತು. ಅಂಗಡಿಯಲ್ಲಿ ಅದನ್ನ ಯಾರೂ ತಾವಾಗೇ ತೋರ್ಸಲ್ಲ, ಆ್ಯಪ್‌ನಲ್ಲಿ ಹುಡುಕಿ. ಸಂಬಳದ ತಾರೀಕಿಗೆ ಹೊಂದಿಸ್ಕೊಳ್ಳೋಕೆ, ಆಫೀಸಿಗೆ ತಿಂಗಳ ಬಿಲ್ ಕೊಡೋಕೆ ಅದೇ ಸಲೀಸು.

ಆಫೀಸ್ ಮೇಲ್ ಇರೋ ನಂಬರ್‌ಗೆ ನಾನಾದ್ರೆ 84 ದಿನದ್ದು ಅಥ್ವಾ ಇನ್ನೂ ಉದ್ದದ್ದೇ ಹೇಳೋದು. ದುಡ್ಡು ಉಳಿಯತ್ತೆ ಅಂತಲ್ಲ, ವ್ಯಾಲಿಡಿಟಿ ಮರ್ತುಹೋಗೋ ಚಾನ್ಸ್ ಕಮ್ಮಿ ಅಂತ. ಭಾನುವಾರ ರಾತ್ರಿ ಪ್ಲಾನ್ ಮುಗಿದು ಸೋಮವಾರ ಬೆಳಗ್ಗೆ ಲಾಗಿನ್ ಓಟಿಪಿ ಬೇಕಾದಾಗ ಪರದಾಡೋದು ತಪ್ಪತ್ತೆ. ಆದ್ರೆ ಸಿಗ್ನಲ್ ಪರೀಕ್ಷೆ ಮಾಡ್ದಿರೋ ಹೊಸ ನೆಟ್‌ವರ್ಕ್‌ಗೆ ಮೊದಲ್ನೇ ಸಲನೇ ವರ್ಷದ್ದು ಹಾಕಿಸ್ಬಿಡ್ಬೇಡಿ, ಒಂದು 28 ನೋಡಿ ಆಮೇಲೆ.

ಸ್ಟೆಪ್ 6: ಪ್ರೀಪೇಡಾ ಪೋಸ್ಟ್‌ಪೇಡಾ

ಇಲ್ಲಿ ಜಾಸ್ತಿ ತಲೆ ಕೆಡಿಸ್ಕೊಳ್ಳೋದಿಲ್ಲ. ಪ್ರೀಪೇಡ್‌ನಲ್ಲಿ ತೋರಿಸೋ ರೇಟಲ್ಲಿ ಜಿಎಸ್‌ಟಿ ಸೇರಿರತ್ತೆ. ಪೋಸ್ಟ್‌ಪೇಡ್‌ನಲ್ಲಿ ತೋರಿಸೋ ರೇಟಿನ ಮೇಲೆ 18 ಪರ್ಸೆಂಟ್ ಬರತ್ತೆ, 449 ಅಂದ್ರೆ ಕೈಗೆ 530 ಹತ್ರ. ಪೋಸ್ಟ್‌ಪೇಡ್‌ನ ಲಾಭ ಎರಡು: ಕೋಟಾ ಮುಗಿದ್ರೆ ಧಡಕ್ಕನೆ ನಿಲ್ಲೋದಿಲ್ಲ (ಜಿಬಿಗಿಷ್ಟು ಅಂತ ಬಿಲ್ ಆಗತ್ತೆ, ಲಿಮಿಟ್ ಇಟ್ಕೊಳ್ಳಿ), ಮತ್ತೆ ವ್ಯಾಲಿಡಿಟಿ ಮುಗಿಯೋ ಭಯ ಇಲ್ಲ. ಕಂಪನಿ ದುಡ್ಡು ಕೊಡತ್ತೆ ಅಂದ್ರೆ ಎಚ್‌ಆರ್‌ಗೆ ಮೊದಲೇ ಕೇಳಿ: ಬಿಲ್ ಯಾರ ಹೆಸರಲ್ಲಿರ್ಬೇಕು, ರೀಚಾರ್ಜ್ ರಸೀದಿ ಒಪ್ತೀರಾ, ಅಥ್ವಾ ಪೋಸ್ಟ್‌ಪೇಡ್ ಬಿಲ್ಲೇ ಬೇಕಾ. ಫೋನ್‌ಪೇ ಸ್ಕ್ರೀನ್‌ಶಾಟ್ ಒಪ್ಪದೇ ಇರೋ ಅಕೌಂಟ್ಸ್ ಡಿಪಾರ್ಟ್‌ಮೆಂಟ್‌ಗಳು ಬೇಕಾದಷ್ಟಿದಾವೆ, ಆಪರೇಟರ್ ಆ್ಯಪ್‌ನಿಂದ ಇನ್‌ವಾಯ್ಸ್ ಡೌನ್‌ಲೋಡ್ ಮಾಡ್ಕೊಳ್ಳಿ. ಕಂಪನಿಯವ್ರೇ ಕಾರ್ಪೊರೇಟ್ ಕನೆಕ್ಷನ್ ಕೊಡ್ತೀವಿ ಅಂದ್ರೆ ಅದನ್ನ ಬೇರೆ ಸಿಮ್ ಆಗಿ ತಗೊಳ್ಳಿ, ನಿಮ್ಮ ಸ್ವಂತ ನಂಬರ್‌ನ ಅವ್ರ ಹೆಸರಿಗೆ ಬರೆದುಕೊಡೋಕೆ ಹೋಗ್ಬೇಡಿ, ಕೆಲ್ಸ ಬಿಟ್ಟಾಗ ಬ್ಯಾಂಕು ಆಧಾರ್ ಎಲ್ಲಾ ಜೋಡಿಸಿರೋ ನಂಬರ್ ವಾಪಸ್ ಪಡೆಯೋಕೆ ಅವ್ರ ಸಹಿಗೆ ಕಾಯ್ಬೇಕಾಗತ್ತೆ.

ಸ್ಟೆಪ್ 7: ಎರಡನೇ ಸಿಮ್

ನನ್ನ ಕೇಳಿದ್ರೆ ಒಂದು ದೊಡ್ಡ ಪ್ಲಾನ್‌ಗಿಂತ ಎರಡು ಬೇರೆ ನೆಟ್‌ವರ್ಕ್‌ನ ಸಣ್ಣ ಪ್ಲಾನ್ ಮೇಲು, ಅದ್ರಲ್ಲೂ ಊರೂರು ತಿರುಗೋರಿಗೆ. ಮೆಡಿಕಲ್ ರೆಪ್, ಫೈನಾನ್ಸ್ ಕಂಪನಿಯ ಫೀಲ್ಡ್ ಆಫೀಸರ್, ಗೊಬ್ಬರ ಬೀಜದ ಕಂಪನಿಯವ್ರು, ಇವ್ರೆಲ್ಲಾ ಬೆಳಗ್ಗೆ ಚಿಕ್ಕಮಗಳೂರಲ್ಲಿದ್ರೆ ಮಧ್ಯಾಹ್ನ ಮೂಡಿಗೆರೆ, ಸಂಜೆ ಚಾರ್ಮಾಡಿ ಕೆಳಗೆ. ಒಂದು ನೆಟ್‌ವರ್ಕ್ ಅಷ್ಟೂ ದಾರಿಗೆ ಆಗಲ್ಲ. ಮೊದಲ್ನೇ ಸಿಮ್‌ನಲ್ಲಿ ಮಾಮೂಲಿ ಪ್ಲಾನ್, ಎರಡನೇದ್ರಲ್ಲಿ ಒಟ್ಟು ಕೋಟಾದ ಅಗ್ಗದ್ದು. ಈಗಿನ ಸುಮಾರು ಆಂಡ್ರಾಯ್ಡ್ ಫೋನ್‌ಗಳಲ್ಲಿ ಆಟೋ ಡೇಟಾ ಸ್ವಿಚ್ ಅಂತಿದೆ, ಐಫೋನ್‌ನಲ್ಲೂ ಮೊಬೈಲ್ ಡೇಟಾ ಸ್ವಿಚಿಂಗ್ ಅಂತಿದೆ, ಆನ್ ಮಾಡಿಟ್ರೆ ಅಗತ್ಯ ಬಿದ್ದಾಗ ಫೋನೇ ಇನ್ನೊಂದು ಸಿಮ್‌ನ ಡೇಟಾಗೆ ಹಾರತ್ತೆ. ಆದ್ರೆ ಎಲ್ಲಾ ಫೋನಲ್ಲೂ ಇದು ಒಂದೇ ಥರ ಚುರುಕಿಲ್ಲ, ಕೆಲವು ಸಲ ಕೈಯಾರೆ ಬದಲಾಯಿಸೋದೇ ಬೇಗ.

ಬೆಂಗಳೂರು ಮಂಗಳೂರು ಟ್ರೈನ್‌ನಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ, ಅಲ್ಲಿ ಎಷ್ಟು ಸಿಮ್ ಇದ್ರೂ ಲಾಭ ಇಲ್ಲ. ಅಂಥ ದಾರೀಲಿ ಮೇಲ್ ಬರೆದು ಸೆಂಡ್ ಒತ್ತಿಬಿಡಿ, ಔಟ್‌ಬಾಕ್ಸ್‌ನಲ್ಲಿ ಕೂತಿದ್ದು ಸಿಗ್ನಲ್ ಬಂದಾಗ ತಾನೇ ಹೋಗತ್ತೆ. ನೋಡ್ಬೇಕಾದ ಫೈಲ್‌ನ ಮಾತ್ರ ಹತ್ತೋಕ್ ಮುಂಚೆ ತೆಗೆದು ಇಟ್ಕೊಳ್ಳಿ.

ಸ್ಟೆಪ್ 8: ಫೋನ್ ಸೆಟ್ಟಿಂಗ್, ಪ್ಲಾನ್ ಬೈಯೋಕ್ ಮುಂಚೆ

ಮೇಲ್ ಲೇಟಾಗಿ ಬರತ್ತೆ ಅಂತ ದೂರೋರಲ್ಲಿ ತುಂಬಾ ಜನರ ಪ್ಲಾನ್ ಸರಿಯಾಗೇ ಇರತ್ತೆ, ಫೋನೇ ಮೇಲ್ ಆ್ಯಪ್‌ನ ಮಲಗಿಸಿರತ್ತೆ. ಶಾವೊಮಿ, ರಿಯಲ್‌ಮಿ, ಒಪ್ಪೋ, ವಿವೋ ಥರದ ಫೋನ್‌ಗಳಲ್ಲಿ ಬ್ಯಾಟರಿ ಉಳಿಸೋಕೆ ಹಿಂದೆ ಓಡೋ ಆ್ಯಪ್‌ಗಳನ್ನ ಕೊಂದುಬಿಡ್ತಾರೆ. ಮೇಲ್ ಆ್ಯಪ್‌ನ ಇನ್ಫೋ ತೆಗೆದು ಬ್ಯಾಟರಿಯಲ್ಲಿ ನೋ ರಿಸ್ಟ್ರಿಕ್ಷನ್ ಅಥ್ವಾ ಅನ್‌ರಿಸ್ಟ್ರಿಕ್ಟೆಡ್ ಅಂತ ಮಾಡಿ, ಆಟೋಸ್ಟಾರ್ಟ್ ಇದ್ರೆ ಆನ್ ಮಾಡಿ. ಡೇಟಾ ಸೇವರ್ ಹಾಕಿದ್ರೆ ಮೇಲ್ ಆ್ಯಪ್‌ಗೂ ಆಥೆಂಟಿಕೇಟರ್‌ಗೂ ಅದ್ರಿಂದ ವಿನಾಯಿತಿ ಕೊಡಿ.

ಉಳಿಸೋ ಕಡೆ: ಜಿಮೇಲ್‌ನಲ್ಲಿ ಮೇಲ್ ಒಳಗಿನ ಚಿತ್ರಗಳನ್ನ ತೋರಿಸೋಕ್ ಮುಂಚೆ ಕೇಳು ಅಂತ ಇಡಬಹುದು, ಜಾಹೀರಾತು ಮೇಲ್‌ಗಳ ತೂಕ ಇಳಿಯತ್ತೆ. ಎಷ್ಟು ದಿನದ ಮೇಲ್ ಸಿಂಕ್ ಆಗ್ಬೇಕು ಅನ್ನೋದನ್ನ 30ರಿಂದ 7 ಅಥ್ವಾ 15ಕ್ಕೆ ಇಳಿಸಬಹುದು. ವಾಟ್ಸಾಪ್‌ನಲ್ಲಿ ಮೊಬೈಲ್ ಡೇಟಾ ಇದ್ದಾಗ ಮೀಡಿಯಾ ಆಟೋ ಡೌನ್‌ಲೋಡ್ ಪೂರ್ತಿ ಆಫ್, ಪ್ಲೇ ಸ್ಟೋರ್ ಅಪ್‌ಡೇಟ್ ವೈಫೈನಲ್ಲಿ ಮಾತ್ರ. ಹೊಸ ಫೋನ್‌ಗೆ ಆಫೀಸ್ ಅಕೌಂಟ್ ಹಾಕೋವಾಗ ಕಂಪನಿ ಪೋರ್ಟಲ್, ಔಟ್‌ಲುಕ್, ಟೀಮ್ಸ್ ಎಲ್ಲಾ ಒಟ್ಟಿಗೆ ಇಳಿಯತ್ವೆ, ಆ ಕೆಲ್ಸ ವೈಫೈ ಇರೋ ಕಡೆನೇ ಮಾಡಿ. ಜಿಮೇಲ್‌ನಲ್ಲಿ ಅಟ್ಯಾಚ್‌ಮೆಂಟ್ ಮಿತಿ 25 ಎಂಬಿ, ಅದಕ್ಕಿಂತ ದೊಡ್ಡದಾದ್ರೆ ಡ್ರೈವ್ ಲಿಂಕ್ ಆಗಿ ಹೋಗತ್ತೆ. ಲಿಂಕ್ ಕಳ್ಸೋದು ಅಭ್ಯಾಸ ಮಾಡ್ಕೊಂಡ್ರೆ ಒಂದೇ ಫೈಲ್ ಹತ್ತು ಸಲ ಹೋಗಿ ಬಂದು ಮಾಡೋದು ತಪ್ಪತ್ತೆ.

ಲ್ಯಾಪ್‌ಟಾಪ್‌ಗೆ ಹಾಟ್‌ಸ್ಪಾಟ್ ಕೊಡೋರು ಇದೊಂದು ತಪ್ಪದೇ ಮಾಡಿ: ವಿಂಡೋಸ್‌ನಲ್ಲಿ ಆ ವೈಫೈನ ಪ್ರಾಪರ್ಟೀಸ್ ತೆಗೆದು ಮೀಟರ್ಡ್ ಕನೆಕ್ಷನ್ ಆನ್ ಮಾಡಿ. ಇಲ್ದಿದ್ರೆ ನೀವು ಒಂದು ಮೇಲ್ ಕಳ್ಸೋಕೆ ಅಂತ ಹಾಟ್‌ಸ್ಪಾಟ್ ಕೊಟ್ಟಿರ್ತೀರ, ವಿಂಡೋಸ್ ಅಪ್‌ಡೇಟೂ ಒನ್‌ಡ್ರೈವೂ ಸೇರಿ ದಿನದ ಕೋಟಾನ ಕಾಫಿ ಕುಡಿಯೋಷ್ಟರಲ್ಲಿ ನೆಕ್ಕಿರತ್ವೆ.

ಸ್ಟೆಪ್ 9: ನೆಟ್‌ವರ್ಕ್ ಬದಲಾಯಿಸ್ಬೇಕು ಅನ್ನಿಸಿದ್ರೆ

ನಂಬರ್ ಹಾಗೇ ಇಟ್ಕೊಂಡು ಪೋರ್ಟ್ ಆಗೋಕೆ, ಇಂಗ್ಲಿಷ್ ದೊಡ್ಡಕ್ಷರದಲ್ಲಿ ಪೋರ್ಟ್ ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು ನಿಮ್ಮ ಹತ್ತಂಕಿ ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳ್ಸಿ. ಒಂದು ಕೋಡ್ ಬರತ್ತೆ, ಕರ್ನಾಟಕದಲ್ಲಿ ಅದು ನಾಲ್ಕು ದಿನ ನಡೆಯತ್ತೆ, ಅಷ್ಟರಲ್ಲಿ ಹೊಸ ಕಂಪನಿ ಹತ್ರ ಹೋಗ್ಬೇಕು. ರಾಜ್ಯದೊಳಗಿನ ಪೋರ್ಟ್‌ಗೆ ಮೂರು ಕೆಲಸದ ದಿನ, ಬೇರೆ ಸರ್ಕಲ್‌ಗೆ (ಬೇರೆ ಟೆಲಿಕಾಂ ವಲಯಕ್ಕೆ) ಐದು. ಈಗಿನ ಕಂಪನಿಯಲ್ಲಿ 90 ದಿನ ಆಗಿರ್ಬೇಕು, ಪೋಸ್ಟ್‌ಪೇಡ್ ಬಾಕಿ ಕಟ್ಟಿರ್ಬೇಕು. ಹಳೇ ಪ್ಲಾನಲ್ಲಿ ಉಳಿದಿರೋ ದಿನ ಹೊಸ ಕಂಪನಿಗೆ ಬರಲ್ಲ, ಸೋ ವ್ಯಾಲಿಡಿಟಿ ಮುಗಿಯೋ ವಾರ ನೋಡ್ಕೊಂಡು ಮಾಡಿ, ಆದ್ರೆ ಪೂರ್ತಿ ಮುಗಿಯೋಕೆ ಬಿಡ್ಬೇಡಿ, ನಂಬರ್ ಚಾಲ್ತಿಯಲ್ಲಿ ಇರ್ಬೇಕಲ್ಲ.

ಸಿಮ್ ಕಳ್ದೋಗಿ ಬದಲಿ ತಗೊಂಡಿದ್ರೆ ಅದಾಗಿ ಏಳು ದಿನ ಪೋರ್ಟ್ ಮಾಡೋಕಾಗಲ್ಲ, 2024ರ ಜುಲೈ 1ರಿಂದ ಬಂದ ನಿಯಮ. ಇನ್ನೊಂದು, ಮಾಮೂಲಿ ಸಿಮ್‌ನಿಂದ ಇಸಿಮ್‌ಗೆ (ಫೋನ್ ಒಳಗೇ ಇರೋ ಡಿಜಿಟಲ್ ಸಿಮ್) ಹೋಗೋರು, ಹಳೇ ಸಿಮ್ ಕೊಟ್ಟು ಹೊಸ 4ಜಿ ಸಿಮ್ ತಗೊಳ್ಳೋರು ಗಮನಿಸಿ, ಸಿಮ್ ಬದಲಾದ್ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರೋದೂ ಇಲ್ಲ ಹೋಗೋದೂ ಇಲ್ಲ, ಮೋಸ ತಡೆಯೋಕೆ ಅಂತ ಟೆಲಿಕಾಂ ಇಲಾಖೆ ಮಾಡಿರೋ ವ್ಯವಸ್ಥೆ. ಆಫೀಸ್ ಲಾಗಿನ್ ಓಟಿಪಿ, ಬ್ಯಾಂಕ್ ಓಟಿಪಿ ಎರಡೂ ಆ ಹೊತ್ತಲ್ಲಿ ನಿಂತಿರತ್ತೆ. ಶನಿವಾರ ಸಂಜೆ ಕೆಲ್ಸ ಮುಗಿಸ್ಕೊಂಡು ಬದಲಾಯ್ಸಿ, ಅದಕ್ಕೂ ಮುಂಚೆ ಮೇಲ್ ಲಾಗಿನ್‌ನ ಆಥೆಂಟಿಕೇಟರ್ ಆ್ಯಪ್‌ಗೆ ಹಾಕ್ಕೊಂಡ್ಬಿಡಿ.